ನಾಗವಲ್ಲಿ ದೆವ್ವ ಅಲ್ಲ ಕಣ್ರೇ

ಮನೆ ಹೆಂಗಸರನ್ನ ನಿಮಗೆ ಯಾವ ಸಿನಿಮಾ ಇಷ್ಟ ಅಂತ ಕೇಳಿದ್ರೆ ಅಳೋ ಸಿನಿಮಾದ ಹೆಸರೇ ಹೇಳ್ಬೇಕು ಅಂತ ಒಂದು ಲೆಕ್ಕ ಐತೆ. ನಾನು ಹೇಳೋದು ಆಪ್ತರಕ್ಷಕ. ಕತ್ತಿ ಝಳಪಿಸ್ಕೊಂಡು ತಲೆ ಚೆಂಡಾಡೋ ರಾಜ, ಕತ್ತಲೆ ಬಂಗಲೆ, ಗೆಜ್ಜೆ ಸದ್ದು, ಮಾರುದ್ದದ ಹಾವು. ಇದೇನೇ ನಿನ್ನ ಅಭಿರುಚಿ ಅಂತ ನಮ್ಮ ಜಗಳೂರಿನ ಅಕ್ಕ ನಗ್ತಾಳೆ. ನಗಲಿ ಬಿಡ್ರಿ. ಹದಿನೈದು ವರ್ಷಕ್ಕೂ ಮೇಲಾಯ್ತು, ಈಗಲೂ ಟೀವಿಲಿ ಬಂದ್ರೆ ಸೌಟು ಕೈಯಲ್ಲೇ ಹಿಡ್ಕೊಂಡು ನಿಂತು ನೋಡ್ತೀನಿ. ಎರಡನೇ ಭಾಗ ಅಂದ್ರೆ ಮೊದಲನೇದರ ಮೊಸರಿಗೆ ನೀರು ಸುರಿದು ಮಾಡಿದ ಮಜ್ಜಿಗೆ ಅಂತಾರಲ್ಲ, ಇದು ಹಂಗಲ್ಲ. ಮೊದಲನೇ ಭಾಗ ಹೇಳದೇ ಬಿಟ್ಟ ಒಂದು ಮಾತನ್ನ ಇದು ಹೇಳೈತೆ. ಅದನ್ನ ನಮ್ಮಂಥ ಹೆಂಗಸರು ಸರಿಯಾಗಿ ಗಮನಿಸಿಲ್ಲ ಅನ್ನೋದೇ ನನ್ನ ತಕರಾರು.

ಮೊದಲನೇ ಭಾಗ ಆಪ್ತಮಿತ್ರ ನಿಮಗೆಲ್ಲ ಬಾಯಿಪಾಠ ಇರ್ತದೆ. 2004ರ ಆಗಸ್ಟ್‌ನಲ್ಲಿ ಬಂದಿದ್ದು. ದ್ವಾರಕೀಶ್ ನಿರ್ಮಾಣ, ಪಿ. ವಾಸು ನಿರ್ದೇಶನ, ಗುರುಕಿರಣ್ ಸಂಗೀತ. ಮಲಯಾಳದಲ್ಲಿ 1993ರಲ್ಲಿ ಬಂದಿದ್ದ ಮಣಿಚಿತ್ರತ್ತಾಳ್ ಅನ್ನೋ ಸಿನಿಮಾನೇ ಇದಕ್ಕೆ ಮೂಲ. ರಮೇಶ್ ಅರವಿಂದ್ ಹೆಂಡತಿ ಗಂಗಾ ಆಗಿ ಸೌಂದರ್ಯ, ಮನಸ್ಸಿನ ಡಾಕ್ಟ್ರು ವಿಜಯ್ ಆಗಿ ವಿಷ್ಣುವರ್ಧನ್. ಹಳೇ ಬಂಗಲೆಯ ಬೀಗ ಹಾಕಿದ ಕೋಣೆ ತೆಗೆದ ಗಂಗಾ, ಅಲ್ಲಿ ಯಾವ ಕಾಲದಲ್ಲೋ ಸತ್ತ ನಾಟ್ಯಗಾತಿ ನಾಗವಲ್ಲಿಯ ಕತೆ ಕೇಳಿ ಕೇಳಿ ತಾನೇ ನಾಗವಲ್ಲಿ ಅಂದ್ಕೊಳ್ತಾಳೆ. ಕೊನೆಗೆ ಡಾಕ್ಟ್ರೇ ರಾಜನ ವೇಷ ಹಾಕ್ಕೊಂಡು ನಿಂತು, ಅವನ ಜಾಗದಲ್ಲಿ ಗೊಂಬೆ ಇಟ್ಟು, ಅವಳ ಸೇಡು ತೀರಿತು ಅಂತ ಅವಳಿಗೇ ನಂಬಿಸಿ ವಾಸಿ ಮಾಡ್ತಾರೆ. ಆ ವೇಷದಲ್ಲಿ 'ಹೌಲಾ ಹೌಲಾ' ಅಂತ ಕೂಗಿದ್ದು ನಮ್ಮ ಓಣಿ ಹುಡುಗರಿಗೆ ಒಂದು ವರ್ಷ ಪೂರ್ತಿ ಆಟ ಆಗಿತ್ತು.

ಆ ಸಿನಿಮಾ ನೋಡಿ ಬಂದ ನಾವೆಲ್ಲ ಮನೇಲಿ ಏನು ಮಾತಾಡಿದ್ವಿ ಹೇಳ್ರಿ? ನಾಗವಲ್ಲಿ ಕಣ್ಣು ನೋಡಿದ್ಯಾ, ನಾಗವಲ್ಲಿ ಮಂಚ ಎತ್ತಿದ್ದು ನೋಡಿದ್ಯಾ. ಹೆದರಿಕೆ ಪೂರ್ತಿ ಅವಳ ಮೇಲೇ. ಅವಳನ್ನ ಹೊತ್ಕೊಂಡು ಬಂದವನು ಯಾರು, ಅವಳು ಪ್ರೀತಿಸಿದವನನ್ನ ಕಡಿದವನು ಯಾರು, ಅವಳನ್ನ ಸುಟ್ಟವನು ಯಾರು ಅನ್ನೋದು ಯಾರ ಬಾಯಲ್ಲೂ ಬರಲಿಲ್ಲ. ರಾಜ ಬರೀ ವೇಷ ಆಗಿ ಉಳ್ಕೊಂಡ. ಅವನ ಕೂಗಿಗೆ ಶಿಳ್ಳೆ ಹೊಡೆದ್ವಿ, ಅವಳಿಗೆ ಹೆದರಿ ರಾತ್ರಿ ಬಚ್ಚಲಿಗೆ ಜೊತೆ ಕರ್ಕೊಂಡು ಹೋದ್ವಿ.

ಆಪ್ತರಕ್ಷಕ ಬಂದಿದ್ದು 2010ರ ಫೆಬ್ರವರಿ 19ಕ್ಕೆ. ಇದಕ್ಕೂ ವಾಸು ಅವರದೇ ನಿರ್ದೇಶನ, ಗುರುಕಿರಣ್ ಅವರದೇ ಸಂಗೀತ. ವಿಷ್ಣುವರ್ಧನ್‌ಗೆ 200ನೇ ಸಿನಿಮಾ. ಅದನ್ನ ತೆರೆ ಮೇಲೆ ನೋಡೋಕೆ ಅವರೇ ಇರಲಿಲ್ಲ. 2009ರ ಡಿಸೆಂಬರ್ 30ಕ್ಕೆ ಮೈಸೂರಲ್ಲಿ ತೀರ್ಕೊಂಡ್ರು, 59 ವರ್ಷಕ್ಕೇ. ನಾವು ಚನ್ನಗಿರಿಯಿಂದ ಏಳು ಜನ ಹೆಂಗಸರು ಬಸ್ಸಲ್ಲಿ ದಾವಣಗೆರೆಗೆ ಹೋಗಿ ನೋಡಿದ್ವಿ. ಹೆದರೋಕೆ ಅಂತ ಹೋದೋರು ಮೊದಲ ಸೀನಿಗೇ ಅತ್ತಿದ್ದು. ಅವರು ತೆರೆ ಮೇಲೆ ಬಂದ ಕೂಡ್ಲೇ ಟಾಕೀಸಿನವರೆಲ್ಲ ಎದ್ದು ನಿಂತ್ರು. ನನ್ನ ಪಕ್ಕ ಕೂತಿದ್ದ ಅಜ್ಜಿಯೊಬ್ಬಳು ಕೈ ಮುಗಿದಳು. ನಮ್ಮ ಕಡೆಯವರಿಗೆ ಅವರು ಅಂದ್ರೆ ಬೇರೇನೇ. 1972ರ ನಾಗರಹಾವು ತೆಗೆದಿದ್ದು ಚಿತ್ರದುರ್ಗದ ಕೋಟೆಯಲ್ಲಿ, ಜಗಳೂರು ಆಗ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಅಕ್ಕನ ಮನೆಯವರು ಇವತ್ತಿಗೂ ರಾಮಾಚಾರಿ ನಮ್ಮೋನು ಅಂತಾರೆ. ನಾಗರಹಾವಿನಿಂದ ಹೆಸರು ಬಂತು, ಕೊನೆಗೆ ನಾಗವಲ್ಲಿ ಮನೆಯ ಹಾವಿನ ಎದುರು ನಿಂತ್ರು.

ಕತೆ ಏನಪ್ಪಾ ಅಂದ್ರೆ, ಭರತನಾಟ್ಯ ಮಾಡೋ ಸರಸ್ವತಿಗೆ ಒಂದು ಸ್ಪರ್ಧೆಯಲ್ಲಿ ಬಹುಮಾನವಾಗಿ ಆಳೆತ್ತರದ ನಾಗವಲ್ಲಿ ಪಟ ಸಿಗ್ತದೆ. ಪಟ ಮನೆಗೆ ಬಂದ ಮೇಲೆ ಒಂದೊಂದೇ ಅನಾಹುತ. ಸರಸ್ವತಿ ಆಗಿ ಲಕ್ಷ್ಮೀ ಗೋಪಾಲಸ್ವಾಮಿ, ನಿಜವಾಗಿ ಭರತನಾಟ್ಯ ಕಲ್ತೋಳು, ಹಂಗಾಗಿ ಹೆಜ್ಜೆ ಸುಳ್ಳಾಗಲ್ಲ. ಪಟದೊಳಗಿನ ನಾಗವಲ್ಲಿ ವಿಮಲಾ ರಾಮನ್. ಆಚಾರ್ಯರಾಗಿ ಅದೇ ಅವಿನಾಶ್. ಡಾಕ್ಟ್ರು ವಿಜಯ್ ಮತ್ತೆ ಬರ್ತಾರೆ. ಆದ್ರೆ ಈ ಸಲ ರಾಜ ವೇಷ ಅಲ್ಲ. ರಾಜ ವಿಜಯ ರಾಜೇಂದ್ರ ಬಹದ್ದೂರ್ ನೂರು ದಾಟಿದ್ರೂ ಸತ್ತೇ ಇಲ್ಲ! ಡಾಕ್ಟ್ರೂ ವಿಷ್ಣುವರ್ಧನ್ನೇ, ರಾಜನೂ ವಿಷ್ಣುವರ್ಧನ್ನೇ.

ಇಲ್ಲೇ ನೋಡ್ರಿ ನನಗೆ ಸಿನಿಮಾ ಹಿಡಿಸಿದ್ದು. ಮೊದಲನೇ ಭಾಗದಲ್ಲಿ ಕೇಳಿದ್ದ ಕತೆಯನ್ನ ಇಲ್ಲಿ ಕಣ್ಣಾರೆ ತೋರಿಸ್ತಾರೆ. ಕಡಿಯೋನು ಅವನು. ಅವನ ಕೈಯಲ್ಲೇ ಕತ್ತಿ. ಅವಳ ಕೈಯಲ್ಲಿ ಇರೋದು ಗೆಜ್ಜೆ ಮಾತ್ರ. ಅವಳು ಯಾವಾಗಲೋ ಸತ್ತು ಪಟ ಆಗ್ಯಾಳೆ, ಅವನು ಇನ್ನೂ ಬದುಕಿದಾನೆ. ಆದ್ರೂ ಊರಿಗೆಲ್ಲ ಹೆದರಿಕೆ ಪಟದ್ದು! ಈ ಮಾತು ಸಿನಿಮಾದೋರು ಬೇಕಂತ ಇಟ್ರೋ, ಹಂಗೇ ಬಂತೋ, ನನಗೆ ಸಿಕ್ಕಿತು.

ಮಗ ಒಂದು ಸಲ ಮೊಬೈಲಲ್ಲಿ ಹ್ಯಾಲೋವೀನ್ ಅಂತ ಇಂಗ್ಲಿಷ್ ಸಿನಿಮಾ ಹಾಕಿ ತೋರಿಸಿದ್ದ, 1978ರದ್ದು. ಅದಕ್ಕೂ 1981ರಲ್ಲಿ ಎರಡನೇ ಭಾಗ ಬಂದೈತೆ, ಅದು ಹೆಚ್ಚಾಗಿ ಆಸ್ಪತ್ರೆಯೊಳಗೇ ನಡೆಯೋದು. ಬಿಳೀ ಮುಖವಾಡದವನು ಚಾಕು ಹಿಡ್ಕೊಂಡು ಬರ್ತಾನೆ, ಗುಂಡು ಹೊಡೆದ್ರೂ ಮತ್ತೆ ಎದ್ದು ಬರ್ತಾನೆ. ಅಮ್ಮ ಇದು ಬೇರೆ ಜಾತಿ ಸಿನಿಮಾ ಅಂದ. ನಾನು ಎಂಥ ಬೇರೆನೋ, ನಮ್ಮ ರಾಜನೂ ಹಂಗೇ ಅಲ್ವಾ, ಮುಖವಾಡದ ಬದಲು ಪೇಟ, ಚಾಕು ಬದಲು ಕತ್ತಿ ಅಂದೆ. ಆದ್ರೆ ಒಂದು ವ್ಯತ್ಯಾಸ ಐತೆ. ಅವರ ಮುಖವಾಡದವನನ್ನ ನೋಡಿ ಯಾರೂ ಓಡಿಹೋಗೋ ಹುಡುಗಿಯನ್ನ ದೆವ್ವ ಅನ್ನಲಿಲ್ಲ.

ನಮ್ಮಲ್ಲಿ ಹಂಗಲ್ಲ. ಸೌಂದರ್ಯ 2004ರ ಏಪ್ರಿಲ್ 17ಕ್ಕೆ ಬೆಂಗಳೂರಲ್ಲಿ ವಿಮಾನ ಬಿದ್ದು ಸತ್ತಳು, ಆಪ್ತಮಿತ್ರ ಬಂದಿದ್ದು ಅದಾದ ಮೇಲೆ. ವಿಷ್ಣುವರ್ಧನ್ ಆಪ್ತರಕ್ಷಕ ಬರೋಕೆ ಮುಂಚೆ ಹೋದ್ರು. ಅಷ್ಟೇ ಸಾಕಾಯ್ತು, ನಾಗವಲ್ಲಿ ಕಾಟ, ನಾಗವಲ್ಲಿ ಮುಟ್ಟಿದೋರು ಉಳಿಯಲ್ಲ ಅಂತ ಶುರು ಹಚ್ಚಿದ್ರು. ಮಲಯಾಳದಲ್ಲಿ ಅದೇ ಪಾತ್ರ ಮಾಡಿ ರಾಷ್ಟ್ರಪ್ರಶಸ್ತಿ ತಗೊಂಡ ಶೋಭನಾ, 2005ರಲ್ಲಿ ತಮಿಳಲ್ಲಿ ಮಾಡಿದ ಜ್ಯೋತಿಕಾ, 2007ರಲ್ಲಿ ಹಿಂದಿಯಲ್ಲಿ ಮಾಡಿದ ವಿದ್ಯಾ ಬಾಲನ್ ಎಲ್ಲಾ ಚೆನ್ನಾಗೇ ಇದಾರಲ್ಲ? ವಾಸು ಅವರು ತೆಲುಗಲ್ಲಿ ವೆಂಕಟೇಶ್ ಹಾಕ್ಕೊಂಡು ಇದನ್ನೇ ನಾಗವಲ್ಲಿ ಅಂತ ಮಾಡಿದ್ರು, 2023ರಲ್ಲಿ ತಮಿಳಲ್ಲಿ ಚಂದ್ರಮುಖಿ 2 ಮಾಡಿದ್ರು, ಅವರಿಗೆ ಯಾವ ಕಾಟ ಬಂತು? ವಿಮಾನ ಬಿದ್ರೂ ತಪ್ಪು ಹೆಣ್ಣಿಂದು, ಗಂಡಸಿಗೆ ಕಾಯಿಲೆ ಆದ್ರೂ ತಪ್ಪು ಹೆಣ್ಣಿಂದು. ಅದೂ ಎಂಥ ಹೆಣ್ಣು, ಕತೆ ಬರೆಯೋರು ಕಟ್ಟಿದ ಹೆಣ್ಣು!

ನಮ್ಮ ಸೂಳೆಕೆರೆ ಇಲ್ವಾ, ಅಷ್ಟು ದೊಡ್ಡ ನೀರಿಗೆ ಜಾಗ ಬಿಟ್ಟುಕೊಟ್ಟೋರು ಸೂಳೆಯರು, ಅವರ ಹೆಸರು ಉಳೀಲಿ ಅಂತ ಶಾಂತವ್ವ ಮಾತು ಕೊಟ್ಟಳು ಅಂತ ಹಿರಿಯರು ಹೇಳ್ತಿದ್ರು. ಈಗ ಪೇಟೆ ನೆಂಟರು ಬಂದ್ರೆ ಶಾಂತಿಸಾಗರ ಅಂತೀವಿ, ನಾಚಿಕೆ. ಕುಣಿಯೋ ಹೆಂಗಸು ಅಂದ್ರೆ ಹೆಸರೇ ಹೇಳಬಾರದು, ಹೇಳಿದ್ರೆ ದೆವ್ವ ಅಂತಲೇ ಹೇಳ್ಬೇಕು ನಮಗೆ.

ಇಷ್ಟು ಯಾಕೆ ಹಚ್ಕೊಂಡಿದೀಯ, ಸಿನಿಮಾ ತಾನೇ ಅಂತೀರಿ. ಕಾರಣ ಐತೆ. ಏಳೆಂಟು ವರ್ಷದ ಹಿಂದೆ ನಮ್ಮ ನೆಂಟರಲ್ಲೇ ಒಂದು ಹುಡುಗಿಗೆ ಹೆರಿಗೆ ಆಯ್ತು. ಊರು ಹೆಸರು ಬೇಡ, ಗೊತ್ತಿದ್ದೋರಿಗೆ ಗೊತ್ತು. ಎಂಟತ್ತು ದಿನಕ್ಕೆ ನಿದ್ದೆ ಬಿಟ್ಟಳು. ಕೂಸು ನಂದಲ್ಲ, ಬದಲಾಯಿಸ್ಯಾರೆ ಅಂತ ಕೂಗ್ತಿದ್ದಳು. ಒಂದು ರಾತ್ರಿ ದನಿಯೇ ಬೇರೆ ಆಯ್ತು. ಗಾಳಿ ಸೋಕೈತೆ ಅಂದ್ರು. ಹೊನ್ನಾಳಿ ಕಡೆ ಹುಟ್ಟಿದ ನನಗೆ ಉಕ್ಕಡಗಾತ್ರಿ ಹೊಸದಲ್ಲ, ಅಮಾವಾಸ್ಯೆಗೆ ಅಜ್ಜಯ್ಯನ ಗದ್ದುಗೆಗೆ ಹಿಂಗಾದೋರನ್ನ ಕರ್ಕೊಂಡು ಹೋಗೋದು ಚಿಕ್ಕಂದಿನಿಂದ ನೋಡೀನಿ. ನಾನೂ ಕೈ ಮುಗಿಯೋಳೇ. ಆದ್ರೆ ಅಮಾವಾಸ್ಯೆಗೆ ಇನ್ನೂ ಹದಿನೆಂಟು ದಿನ ಇತ್ತು, ಮಡಿಲಲ್ಲಿ ಹಸುಗೂಸು. ಆಸ್ಪತ್ರೆಗೆ ಮೊದಲು ಅಂತ ನಾನಂದೆ, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಕಡೆಗೆ ಆ ಹುಡುಗಿಯ ಅತ್ತೆ, ಓದು ಬರಹ ಇಲ್ಲದ ಹೆಂಗಸು, ಒಲೆ ಮುಂದೆ ಕೂತೋಳು ಎದ್ದು ಬಂದು, ಆಪ್ತಮಿತ್ರದಲ್ಲಿ ಆ ಹುಡುಗೀನ ವಾಸಿ ಮಾಡಿದ್ದು ಡಾಕ್ಟ್ರೇ ಅಲ್ವೇನೆ ಅಂದಳು. ಅದಕ್ಕೆ ಒಬ್ಬ ಗಂಡಸು, ಆಪ್ತರಕ್ಷಕದಲ್ಲಿ ಜಾತಕ ನೋಡ್ತಾರೆ, ಹಾವು ಬರ್ತದೆ, ರಾಜ ಬದುಕೇ ಇರ್ತಾನೆ, ಅದಕ್ಕೇನಂತೀರಿ ಅಂದ. ನಡುಮನೇಲಿ ಬಾಣಂತಿ ನರಳ್ತಿದಾಳೆ, ಪಡಸಾಲೇಲಿ ಎರಡು ಸಿನಿಮಾ ಜಗಳ! ಅತ್ತೆ ಗೆದ್ದಳು. ಬೆಳಗಾಗೋದ್ರೊಳಗೆ ದಾವಣಗೆರೆ ಆಸ್ಪತ್ರೆ ಸೇರಿಸಿದ್ರು.

ಹೆರಿಗೆ ಆದ ಮೇಲೆ ಮನಸ್ಸು ಹಿಂಗೆ ಕೆಡೋದು ಒಂದು ಕಾಯಿಲೆ. ಸಾವಿರ ಹೆರಿಗೆಗೆ ಒಂದೋ ಎರಡೋ ಕಡೆ ಆಗ್ತದೆ, ಹೆಚ್ಚಾಗಿ ಮೊದಲ ಎರಡು ವಾರದೊಳಗೇ ಶುರು. ನಿದ್ದೆ ಹೋಗೋದು, ಅನುಮಾನ, ಇಲ್ಲದ್ದು ಕೇಳ್ಸೋದು. ಕಾಯೋ ಕಾಯಿಲೆ ಅಲ್ಲ ಇದು, ತಾಯಿಗೂ ಕೂಸಿಗೂ ಜೀವಕ್ಕೆ ಅಪಾಯ. ಔಷಧಿ ಕೊಟ್ರೆ ವಾಸಿ ಆಗ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಕೂಸು ಇಬ್ಬರನ್ನೂ ಒಟ್ಟಿಗೆ ಇಟ್ಕೊಂಡು ನೋಡೋ ವಾರ್ಡೇ 2009ರಿಂದ ಐತೆ. ಈಗ 14416 ಅಂತ ಸರ್ಕಾರದ ನಂಬರ್ ಬಂದೈತೆ, ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಫ್ರಿಜ್ ಮೇಲೆ ಗ್ಯಾಸಿನೋರ ನಂಬರ್ ಪಕ್ಕ ಬರೆದಿಡ್ರಿ. ನಮ್ಮ ಹುಡುಗಿ ತಿಂಗಳುಗಟ್ಟಲೆ ಮಾತ್ರೆ ತಗೊಂಡಳು, ಆಮೇಲೆ ಅಜ್ಜಯ್ಯನ ಹರಕೆಯನ್ನೂ ತೀರಿಸಿದ್ರು, ಅದೂ ಆಗಲಿ. ಆ ಕೂಸು ಈಗ ಸ್ಕೂಲಿಗೆ ಹೋಗ್ತದೆ, ಮಗ್ಗಿ ತಪ್ಪು ಹೇಳ್ತದೆ.

ಹಂಗಾಗಿ ಆಪ್ತರಕ್ಷಕದ ಮೇಲೆ ಎಷ್ಟೇ ಪ್ರೀತಿ ಇದ್ರೂ ಒಂದು ಕಡೆ ಸಿಟ್ಟೂ ಐತೆ. ಆಪ್ತಮಿತ್ರದಲ್ಲಿ ಡಾಕ್ಟ್ರು ಮುಂದೆ, ಆಚಾರ್ಯರು ಜೊತೆಗೆ. ಎರಡನೇದರಲ್ಲಿ ತಕ್ಕಡಿ ಆ ಕಡೆ ವಾಲಿಬಿಟ್ಟೈತೆ. ಡಾಕ್ಟ್ರೇ ಇದ್ರೂ ಡಾಕ್ಟರ ವಿದ್ಯೆಗೆ ಕೆಲಸ ಕಮ್ಮಿ. ರಾಜ ಯಾವ ಔಷಧಿ ಕುಡಿದು ಅಷ್ಟು ವರ್ಷ ಬದುಕಿದನೋ, ಬಾಣಂತಿ ಲೇಹ್ಯ ಮಾಡೋ ನಮಗಾದ್ರೂ ಹೇಳಬಹುದಿತ್ತು. ಕೋಮಲ್ ಕಾಮಿಡಿ ಒಂದೆರಡು ಕಡೆ ಎಳೆದಂಗೆ ಆಗ್ತದೆ. ಹಾಡಿನ ಟೈಮಲ್ಲಿ ನಾನು ಅನ್ನಕ್ಕೆ ನೀರಿಟ್ಟು ಬರ್ತೀನಿ.

ಆದ್ರೆ ರಾಜ ಬಂದ ಮೇಲೆ ಎದ್ದೇಳೋಕೆ ಆಗಲ್ಲ. ಡಾಕ್ಟ್ರು ವಿಜಯ್ ಮೆತ್ತಗೆ, ನಿಧಾನಕ್ಕೆ, ಮನೆ ಮಕ್ಕಳನ್ನ ಮಾತಾಡಿಸಿದಂಗೆ ಮಾತಾಡ್ತಾರೆ. ಅದೇ ಮುಖ ರಾಜ ಆದಾಗ ಕಣ್ಣು ರೆಪ್ಪೆ ಹೊಡೆಯಲ್ಲ, ಕತ್ತು ಒಂದು ಕಡೆ ವಾಲ್ತದೆ, ದನಿ ಹೊಟ್ಟೆಯಿಂದ ಬರ್ತದೆ. ಒಳ್ಳೇ ಗಂಡಸೂ ಕೆಟ್ಟ ಗಂಡಸೂ ಒಂದೇ ಮುಖದಲ್ಲಿ ಇರ್ತಾರೆ ಅಂತ ನನಗೆ ಅನ್ನಿಸ್ತಿತ್ತು. ಪಕ್ಕದ ಅಜ್ಜಿ ಡಾಕ್ಟ್ರಿಗೆ ಕೈ ಮುಗಿದೋಳು ರಾಜ ಬಂದಾಗ ನನ್ನ ತೋಳು ಹಿಡ್ಕೊಂಡಳು. ಉಗುರಿನ ಗುರುತು ಎರಡು ದಿನ ಇತ್ತು.

ನ್ಯಾಮತಿ ನಾದಿನಿ ಇದನ್ನ ಓದಿ ಸುಮ್ನಿರಲ್ಲ, ಗೊತ್ತು. ಸೌಂದರ್ಯ ಇಲ್ಲದ ನಾಗವಲ್ಲಿ ನಾಗವಲ್ಲಿನೇ ಅಲ್ಲ ಅಂತ ಅವಳ ಹಳೇ ವಾದ. ಸೌಂದರ್ಯನ ಕಣ್ಣು ಇನ್ನೊಬ್ಬರಿಗೆ ಬರಲ್ಲ, ಅದಕ್ಕೆ ಎದುರು ಮಾತಿಲ್ಲ. ಆದ್ರೆ ನಾನು ಹೇಳ್ತಿರೋದು ರಾಜನ ವಿಚಾರ. ಮುಂದಿನ ಸಲ ಟೀವಿಲಿ ಹಾಕಿದಾಗ ಚನ್ನಗಿರಿಗೇ ಬಾರೇ, ಮಂಡಕ್ಕಿ ಮೆಣಸಿನಕಾಯಿ ನಂದು. ಅವಳನ್ನ ನೋಡಬೇಡ, ಅವನ ಕೈ ನೋಡು. ಜಾಹೀರಾತು ಬಂದಾಗ ಜಗಳ ಆಡೋಣ.