ಓಟದ ನಡುವೆ ನಿಲ್ಲುವವರು

ಹಾಯಿದೋಣಿ ಸ್ಪರ್ಧೆ ಸಭ್ಯರ ಆಟ, ಮೋಟಾರ್ ರೇಸ್ ಪುಂಡರ ಆಟ ಎಂಬ ಮಾತು ಮುಂಬಯಿಯಲ್ಲಿ ಸಲೀಸಾಗಿ ಓಡುತ್ತದೆ. ಒಂದು ಕಡೆ 1846ರಲ್ಲಿ ಹುಟ್ಟಿದ ರಾಯಲ್ ಬಾಂಬೆ ಯಾಟ್ ಕ್ಲಬ್ಬಿನ ಗತ್ತು. ಇನ್ನೊಂದು ಕಡೆ ಜೋಗೇಶ್ವರಿಯ ಹೆದ್ದಾರಿಯಲ್ಲಿ ನಡುರಾತ್ರಿ ಬೈಕು ಹಾರಿಸುವ ನಮ್ಮ ಚಾಳಿನ ಹುಡುಗರು. ಹುಡುಗರ ಹುಚ್ಚಾಟವನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಈ ಹೋಲಿಕೆಯಲ್ಲಿರುವುದು ಕ್ರೀಡಾ ಮನೋಭಾವದ ವಿಚಾರವಲ್ಲ, ಬರೀ ಅಂತಸ್ತಿನ ಲೆಕ್ಕ.

ಹಾಯಿದೋಣಿಯವರ ಹೆಚ್ಚುಗಾರಿಕೆ ನಿಜ. ಆದರೆ ಅದು ಬಿಳಿ ಬಟ್ಟೆಯಿಂದ ಬಂದದ್ದಲ್ಲ, ನಿಯಮದಿಂದ ಬಂದದ್ದು. ಅಪಾಯದಲ್ಲಿರುವವರಿಗೆ ನೆರವಾಗಬೇಕು ಎಂಬುದೇ ಅವರ ನಿಯಮಾವಳಿಯ ಮೊದಲ ನಿಯಮ. ತಪ್ಪು ಮಾಡಿದವನು ತಾನೇ ದಂಡದ ಸುತ್ತು ಹಾಕಬೇಕು, ಇಲ್ಲವೇ ಸ್ಪರ್ಧೆ ಬಿಡಬೇಕು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಎರಡನೆಯ ಸ್ಥಾನದಲ್ಲಿದ್ದ ಕೆನಡಾದ ಲಾರೆನ್ಸ್ ಲೆಮಿಯೂ, ನೀರಿಗೆ ಬಿದ್ದಿದ್ದ ಸಿಂಗಪುರದವರನ್ನು ಕಾಪಾಡಲು ದೋಣಿ ತಿರುಗಿಸಿದ. 2018ರಲ್ಲಿ ಹಿಂದೂ ಮಹಾಸಾಗರದಲ್ಲಿ ನಮ್ಮ ಅಭಿಲಾಷ್ ಟಾಮಿ ಬೆನ್ನುಮೂಳೆಗೆ ಪೆಟ್ಟಾಗಿ ಬಿದ್ದಿದ್ದಾಗ, ತನ್ನ ಹಾಯಿಗಂಬವೂ ಮುರಿದಿದ್ದ ಐರ್ಲೆಂಡಿನ ಗ್ರೆಗರ್ ಮೆಕ್‌ಗಕಿನ್ ಅವರತ್ತಲೇ ಹೊರಟ. ಫ್ರೆಂಚ್ ಹಡಗು ಮೊದಲು ತಲುಪಿತು. ಅದರಿಂದ ಅವನ ದೊಡ್ಡತನವೇನೂ ಕಡಿಮೆಯಾಗುವುದಿಲ್ಲ.

ಹಾಗೆಂದು ಸಮುದ್ರಕ್ಕೆ ಇಳಿದವರೆಲ್ಲ ಸಂತರೇ? 2013ರ ಅಮೆರಿಕಾಸ್ ಕಪ್ ನೋಡಿ. ಹಣದ ಹೊಳೆ ಹರಿದ ಆ ಸ್ಪರ್ಧೆಗೆ ಮುಂಚಿನ ಸರಣಿಯಲ್ಲಿ ಆರಕಲ್ ತಂಡದ ದೋಣಿಗಳಿಗೆ ನಿಯಮ ಮೀರಿ ತೂಕ ಸೇರಿಸಿದ್ದು ಪತ್ತೆಯಾಗಿ, ಎರಡು ಅಂಕಗಳ ದಂಡ ಬಿತ್ತು. ಆದರೂ ಕಪ್ ಅವರದೇ ಆಯಿತು.

ಇನ್ನು ಮೋಟಾರ್ ರೇಸ್. 1973ರಲ್ಲಿ ಝಾಂಡ್‌ವೋರ್ಟ್‌ನಲ್ಲಿ ರೋಜರ್ ವಿಲಿಯಮ್ಸನ್ ಉರಿಯುವ ಕಾರಿನಡಿ ಸಿಲುಕಿದ್ದ. ಡೇವಿಡ್ ಪರ್ಲಿ ತನ್ನ ಕಾರು ನಿಲ್ಲಿಸಿ ಓಡಿಹೋಗಿ, ಒಬ್ಬನೇ ಅದನ್ನು ಎತ್ತಿ ಮಗುಚಲು ಹೆಣಗಿದ. ಉಳಿದ ಕಾರುಗಳು ಪಕ್ಕದಲ್ಲೇ ಸುತ್ತು ಹಾಕುತ್ತಿದ್ದವು. ಉರಿಯುತ್ತಿರುವುದು ಪರ್ಲಿಯದೇ ಕಾರು, ಆತ ಹೊರಬಂದಿದ್ದಾನೆ ಎಂದು ಅವರಲ್ಲಿ ಹಲವರು ತಿಳಿದಿದ್ದರು. ವಿಲಿಯಮ್ಸನ್ ಬದುಕಲಿಲ್ಲ. 1992ರಲ್ಲಿ ಬೆಲ್ಜಿಯಂನ ಅಭ್ಯಾಸದ ಓಟದಲ್ಲಿ ಎರಿಕ್ ಕೊಮಾಸ್ ಪ್ರಜ್ಞೆ ತಪ್ಪಿದ್ದಾಗ ಕಾರಿನಿಂದ ಇಳಿದು ಓಡಿ ಅವನ ಎಂಜಿನ್ ಆರಿಸಿದವನು ಸೆನ್ನಾ. ಗೆಲ್ಲಲು ಎದುರಾಳಿಗೆ ಕಾರು ಗುದ್ದಿಸಿದ್ದ ಅದೇ ಸೆನ್ನಾ!

ಅಂದಮೇಲೆ ಗುಣ ವಾಹನದ್ದಲ್ಲ, ವರ್ಗದ್ದೂ ಅಲ್ಲ. ನಿಲ್ಲುವುದು ಕರ್ತವ್ಯ ಎಂದು ಆಟವೇ ಹೇಳಿಕೊಟ್ಟಲ್ಲಿ ಹೆಚ್ಚು ಜನ ನಿಲ್ಲುತ್ತಾರೆ. ಹೇಳಿಕೊಡದಲ್ಲಿ ಒಬ್ಬ ಪರ್ಲಿ ಮಾತ್ರ ನಿಲ್ಲುತ್ತಾನೆ.

ಈಗ ನಮ್ಮ ಹೆದ್ದಾರಿಗೆ ಬನ್ನಿ. ಬೈಕಿನಿಂದ ಬಿದ್ದ ಹುಡುಗ ಪುಂಡನೇ ಇರಲಿ, ಅವನನ್ನು ದಾಟಿ ಕಚೇರಿಗೆ ಧಾವಿಸುವ ನಾವು ಯಾವ ಸಭ್ಯರು? 'ಯಾರೋ ನೋಡಿಕೊಳ್ಳುತ್ತಾರೆ' ಎಂಬುದು ಝಾಂಡ್‌ವೋರ್ಟ್‌ನ ತರ್ಕವೇ. 'ಪೊಲೀಸರ ತಾಪತ್ರಯ ಬೇಡಪ್ಪಾ' ಎಂಬ ನೆಪವೂ ಈಗ ನಡೆಯದು. ನೆರವಾದವರಿಗೆ ರಕ್ಷಣೆ ಕೊಡುವ ಮಾರ್ಗಸೂಚಿಗೆ ಸುಪ್ರೀಂ ಕೋರ್ಟ್ 2016ರಲ್ಲೇ ಬಲ ಕೊಟ್ಟಿದೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲೂ ಅದು ಸೇರಿದೆ. ಹುಡುಗರಿಗೆ ವೇಗದ ಬಗ್ಗೆ ಬುದ್ಧಿ ಹೇಳೋಣ, ಹೇಳಲೇಬೇಕು. ಆದರೆ ಬಿದ್ದವನ ಬಳಿ ನಿಲ್ಲದವರಿಗೆ ಆ ಉಪದೇಶದ ಹಕ್ಕಿಲ್ಲ.