ಒಂಬತ್ತು ಲಿಂಗಗಳು ಮತ್ತು ಒಂದು ನಗೆ

ಕೇಶಿರಾಜನ ‘ಶಬ್ದಮಣಿದರ್ಪಣ’ದ ನಾಮಪ್ರಕರಣವನ್ನು ಪಾಠ ಮಾಡುವಾಗ ಲಿಂಗಗಳ ಸಂಖ್ಯೆ ಒಂಬತ್ತು ಎಂದೊಡನೆ ತರಗತಿಯ ಹಿಂಬದಿಯಿಂದ ಒಂದು ಅದುಮಿದ ನಗೆ ಕೇಳಿಬರುವುದುಂಟು. ಕಾರಣ ಎಲ್ಲರಿಗೂ ಗೊತ್ತು. ಹೆಣ್ಣುನಡೆಯ ಹುಡುಗನನ್ನು, ಸೀರೆಯುಟ್ಟು ಅಂಗಡಿಯ ಮುಂದೆ ನಿಂತವರನ್ನು ಹೀಯಾಳಿಸಲು ಕನ್ನಡದಲ್ಲೂ ತಮಿಳಿನಲ್ಲೂ ಬಳಕೆಯಲ್ಲಿರುವ ಬೈಗುಳ ಆ ಸಂಖ್ಯೆಯೇ. ಪುಂಸ್ತ್ರೀ, ಪುನ್ನಪುಂಸಕ, ಸ್ತ್ರೀನಪುಂಸಕ ಎಂದು ಸಾಗುವ ವೈಯಾಕರಣನ ಪಟ್ಟಿಗೂ ಬೀದಿಯ ಬೈಗುಳಕ್ಕೂ ಸಂಬಂಧವಿಲ್ಲ. ಅವು ಪದಗಳ ಲಿಂಗಗಳು, ಮನುಷ್ಯರವಲ್ಲ. ಆದರೂ ಆ ನಗೆಯನ್ನು ಕೇಳಿಯೂ ಕೇಳದಂತೆ ಪಾಠವನ್ನು ಮುಂದುವರಿಸುವುದು ಭಾಷಾವಿಭಾಗವೊಂದಕ್ಕೆ ತಕ್ಕುದಲ್ಲ.

ಏಕೆಂದರೆ ಕನ್ನಡದಲ್ಲಿ ಪದದ ಲಿಂಗ ಮತ್ತು ಮನುಷ್ಯರ ಲಿಂಗ ಅಷ್ಟು ದೂರದವೂ ಅಲ್ಲ. ಸಂಸ್ಕೃತದಲ್ಲಿ ಹೆಂಡತಿ ಎಂಬ ಒಂದೇ ಅರ್ಥದ ‘ದಾರ’ ಪುಲ್ಲಿಂಗ, ‘ಕಳತ್ರ’ ನಪುಂಸಕಲಿಂಗ, ‘ಭಾರ್ಯಾ’ ಸ್ತ್ರೀಲಿಂಗ. ಕನ್ನಡದಲ್ಲಿ ಲಿಂಗವು ಅರ್ಥವನ್ನು ಹಿಂಬಾಲಿಸುತ್ತದೆ. ಗಂಡೆಂದು ತಿಳಿದರೆ ‘ಬಂದನು’, ಹೆಣ್ಣೆಂದು ತಿಳಿದರೆ ‘ಬಂದಳು’. ಹಾಗೆ ತಿಳಿಯುವ ಅಧಿಕಾರ ಯಾರದು ಎಂಬುದನ್ನು ವ್ಯಾಕರಣ ಕೇಳುವುದಿಲ್ಲ. ನ್ಯಾಯಾಲಯ ಕೇಳಿದೆ. 2014ರ ಏಪ್ರಿಲ್ 15ರಂದು ನಾಲ್ಸಾ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ತನ್ನ ಲಿಂಗತ್ವವನ್ನು ಹೇಳಿಕೊಳ್ಳುವ ಹಕ್ಕು ಆಯಾ ವ್ಯಕ್ತಿಯದೇ ಎಂದು ಸಾರಿತು. ಅನಂತರ ಬಂದ ಕಾನೂನಿನಲ್ಲಿ ಪ್ರಮಾಣಪತ್ರ, ಅರ್ಜಿ, ಅಧಿಕಾರಿ ಎಂದು ಆ ಹಕ್ಕಿನ ಸುತ್ತ ಬೇಲಿ ಬೆಳೆದದ್ದು ಬೇರೆಯ ಮಾತು.

ಇಲ್ಲಿ ಕನ್ನಡದ ಒಂದು ಗುಣವನ್ನು ಗಮನಿಸಬೇಕು. ಹಿಂದಿಯವರು ‘ನಾನು ಬರುತ್ತೇನೆ’ ಎನ್ನಬೇಕಾದರೂ ಕ್ರಿಯಾಪದದಲ್ಲಿ ಗಂಡೋ ಹೆಣ್ಣೋ ಎಂಬುದನ್ನು ತೋರಿಸಲೇಬೇಕು. ಕನ್ನಡದ ‘ನಾನು ಬಂದೆನು’ ಏನನ್ನೂ ಕೇಳುವುದಿಲ್ಲ. ಉತ್ತಮಪುರುಷದಲ್ಲಿ ಸುಮ್ಮನಿರುವ ಭಾಷೆ ಪ್ರಥಮಪುರುಷಕ್ಕೆ ಬಂದೊಡನೆ, ಎಂದರೆ ಒಬ್ಬರ ಕುರಿತು ಇನ್ನೊಬ್ಬರು ಮಾತನಾಡತೊಡಗಿದೊಡನೆ, ತೀರ್ಪು ಕೊಡತೊಡಗುತ್ತದೆ. ಎ. ರೇವತಿಯವರ ಆತ್ಮಕಥನ ದು. ಸರಸ್ವತಿಯವರ ಅನುವಾದದಲ್ಲಿ ‘ಬದುಕು ಬಯಲು’ ಎಂದು ಕನ್ನಡಕ್ಕೆ ಬಂದಿದೆ. ಹೆಗ್ಗೋಡಿನ ಜನಮನದಾಟ ತಂಡ ಅದನ್ನು ರಂಗಕ್ಕೂ ತಂದಿತು. ಗಂಡಾಗಿ ಹುಟ್ಟಿದರೆಂದು ಮನೆಯವರು ನಂಬಿದ, ತಾನು ಹೆಣ್ಣೆಂದು ತಾನೇ ಅರಿತ ಜೀವದ ಕಥನವದು. ಅಲ್ಲಿಯ ‘ನಾನು’ ಆರಂಭದಿಂದಲೂ ಒಂದೇ. ಬದಲಾಗಬೇಕಾದದ್ದು ಸುತ್ತಲಿನವರ ‘ಅವನು’.

ಕಾಸರಗೋಡಿನ ವಿದ್ಯಾರ್ಥಿಗೆ ಇದನ್ನು ಹೋಲಿಸಿ ನೋಡುವ ಅನುಕೂಲ ಹೆಚ್ಚು. ಮಲಯಾಳದಲ್ಲಿ ‘ಅವನ್’, ‘ಅವಳ್’ ಬೇರೆಯಾದರೂ ಕ್ರಿಯಾಪದ ಎರಡಕ್ಕೂ ‘ವನ್ನು’ ಎಂದೇ ನಿಲ್ಲುತ್ತದೆ. ಹವ್ಯಕ ಕನ್ನಡದಲ್ಲಿ ಹೆಂಗಸರಿಗೆ ‘ಅದು’ ಸಲ್ಲುತ್ತದೆ. ಮನೆಯೊಳಗೆ ಅದರಲ್ಲಿ ಅವಮಾನವಿಲ್ಲ. ಅದೇ ‘ಅದು’ ಬಸ್ ನಿಲ್ದಾಣದಲ್ಲಿ ಮಂಗಳಮುಖಿಯೊಬ್ಬರ ಕಡೆಗೆ ಬೆರಳು ಮಾಡಿ ಹೇಳಿದಾಗ ಕಲ್ಲಾಗುತ್ತದೆ. ದೋಷ ನಪುಂಸಕಲಿಂಗದ್ದಲ್ಲ, ಬೆರಳಿನದು.

ಹೆಸರುಗಳ ವಿಷಯದಲ್ಲಿ ನೆರೆಯ ತಮಿಳು ಕನ್ನಡಕ್ಕಿಂತ ಮುಂದಿದೆಯೆಂದು ಒಪ್ಪಿಕೊಳ್ಳಲೇಬೇಕು. ಕೂವಾಗಂನ ಅರವಾನನ ಜಾತ್ರೆಯಿಂದ ಬಂದ ‘ಅರವಾಣಿ’ಯ ಬದಲಿಗೆ ‘ತಿರುನಂಗೈ’ ಬಂತು. ಹೆಣ್ಣಾಗಿ ಹುಟ್ಟಿದರೆಂದು ಬರೆಸಲ್ಪಟ್ಟ ಗಂಡಸರಿಗೆ ‘ತಿರುನಂಬಿ’, ಇಬ್ಬರಿಗೂ ಸೇರಿ ‘ತಿರುನರ್’. ಮದರಾಸು ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ ವೆಂಕಟೇಶ್ 2021ರಲ್ಲಿ ಇಬ್ಬರು ಯುವತಿಯರ ಪ್ರೇಮದ ಪ್ರಕರಣವೊಂದನ್ನು ವಿಚಾರಿಸುವಾಗ, ಈ ವಿಷಯ ತಮಗೆ ತಿಳಿಯದೆಂದು ಒಪ್ಪಿ ಮನಶ್ಶಾಸ್ತ್ರಜ್ಞರಿಂದ ಪಾಠ ಹೇಳಿಸಿಕೊಂಡರು. ಆ ಪ್ರಕರಣ ಬೆಳೆದು, 2022ರಲ್ಲಿ ತಮಿಳುನಾಡು ಸರ್ಕಾರ ಗೌರವದ ಪದಗಳ ಕೋಶವನ್ನೇ ರಾಜಪತ್ರದಲ್ಲಿ ಪ್ರಕಟಿಸಿತು. ನ್ಯಾಯಾಧೀಶರೊಬ್ಬರು ವಿದ್ಯಾರ್ಥಿಯಾದುದರಿಂದ ಒಂದು ಭಾಷೆಗೆ ಪದಕೋಶ ದೊರೆಯಿತು.

ಕನ್ನಡದಲ್ಲಿ ಈ ಕೆಲಸ ಅರ್ಧಕ್ಕೆ ನಿಂತಿದೆ. ‘ಲಿಂಗತ್ವ ಅಲ್ಪಸಂಖ್ಯಾತರು’ ಎಂಬುದು ಮನವಿಪತ್ರಕ್ಕೆ ಒಪ್ಪುತ್ತದೆ, ತಾಯಿಯ ಬಾಯಿಗೆ ಒಪ್ಪುವುದಿಲ್ಲ. ‘ತೃತೀಯ ಲಿಂಗಿ’ ಎಂಬಲ್ಲಿ ಮೊದಲನೆಯದು, ಎರಡನೆಯದು ಯಾವುದೆಂದು ಎಣಿಸಿದವರ ಗರ್ವವಿದೆ. ‘ಮಂಗಳಮುಖಿ’ ಇಂಪಾದ ಪದವೇ. ಆದರೆ ಹೆಣ್ಣಿನಿಂದ ಗಂಡಾದವರಿಗೆ ಅದರಲ್ಲಿ ಎಡೆಯಿಲ್ಲ. ಸವದತ್ತಿಯ ಎಲ್ಲಮ್ಮನ ಒಕ್ಕಲಾದ, ಗಡಿಯಾಚೆ ಮಹಾರಾಷ್ಟ್ರ, ಆಂಧ್ರಗಳವರೆಗೂ ಹಬ್ಬಿರುವ ‘ಜೋಗಪ್ಪ’ ಎಂಬ ಹಳೆಯ ಹೆಸರು ಇನ್ನೂ ಕುತೂಹಲದ್ದು: ಸೀರೆಯುಟ್ಟು ಚೌಡಿಕೆ ಹಿಡಿದವರ ಹೆಸರಿನ ತುದಿಯಲ್ಲಿ ‘ಅಪ್ಪ’. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮನವರು ‘ಜೋಗತಿ’ ಎಂದೇ ಗುರುತಾದವರು. ಆ ‘ಅಪ್ಪ’ನಿಂದ ಈ ‘ಅತಿ’ಗೆ ಬಂದದ್ದು ಪ್ರತ್ಯಯದ ವ್ಯತ್ಯಾಸ ಮಾತ್ರವೆಂದು ಯಾವ ಭಾಷಾವಿದ್ಯಾರ್ಥಿಯೂ ಹೇಳಲಾರ.

‘ಅವರು’ ಎಂದುಬಿಟ್ಟರೆ ಸಾಕಲ್ಲವೇ ಎಂಬ ವಾದವುಂಟು. ಪರಿಚಯವಿಲ್ಲದವರ ವಿಷಯದಲ್ಲಿ ಸಾಕು. ಗಂಡುಹೆಣ್ಣೆಂಬ ಭೇದವಿಲ್ಲದ ಗೌರವದ ಸರ್ವನಾಮ ಕನ್ನಡದಲ್ಲಿ ಸಿದ್ಧವಾಗಿಯೇ ಇದೆ. ಆದರೆ ತಾನು ‘ಅವಳು’ ಎಂದು ಸ್ಪಷ್ಟವಾಗಿ ಹೇಳಿದ ಸಹಪಾಠಿಯನ್ನು, ಉಳಿದ ಗೆಳತಿಯರನ್ನೆಲ್ಲ ‘ಅವಳು’ ಎನ್ನುತ್ತಲೇ, ಅವಳೊಬ್ಬಳನ್ನು ಮಾತ್ರ ‘ಅವರು’ ಎಂದು ಕರೆಯುವುದು ಮರ್ಯಾದೆಯ ವೇಷದ ನುಣುಚಾಟ. ಅನುವಾದಕರಿಗೂ ವರದಿಗಾರರಿಗೂ ನಾಳೆ ಪಾಠಪುಸ್ತಕ ಬರೆಯುವವರಿಗೂ ಈ ಆಯ್ಕೆ ಪ್ರತಿ ವಾಕ್ಯದ ಕೊನೆಯಲ್ಲಿ ಎದುರಾಗುತ್ತದೆ. ಕನ್ನಡದ ಕ್ರಿಯಾಪದ ಅದನ್ನು ತಪ್ಪಿಸಿಕೊಳ್ಳಲು ಬಿಡದು. ಹಿಂದಿನ ಬೆಂಚಿನಲ್ಲಿ ನಗೆ ಕೇಳಿದ ದಿನ ಕೇಶಿರಾಜನ ಪುಟವನ್ನು ತುಸು ಮಡಿಸಿಟ್ಟು, ಈ ‘ಅವನು’ ‘ಅವಳು’ಗಳ ಚರ್ಚೆಗೆ ಆ ತಾಸನ್ನು ಕೊಟ್ಟರೆ ಪಾಠಕ್ರಮಕ್ಕೇನೂ ನಷ್ಟವಿಲ್ಲ. ನಕ್ಕವರ ಪಕ್ಕದಲ್ಲಿ, ನಗದೆ ತಲೆ ತಗ್ಗಿಸಿ ಕುಳಿತವರೊಬ್ಬರು ಇರಬಹುದು.