ನೂರನಾಲ್ಕರ ಹೊಸಿಲು

ಬೆಳಗಿನ ಹೊತ್ತು ದೀಪಾಂಜಲಿ ನಗರದ ಮೆಟ್ರೋ ನಿಲ್ದಾಣದ ಮೆಟ್ಟಿಲು ಹತ್ತುವವರಲ್ಲಿ ಕಾರ್ಖಾನೆಯ ಪಾಳಿ ಮುಗಿಸಿ ಮನೆಗೆ ಮರಳುವವರಿರುತ್ತಾರೆ, ಊಟದ ಡಬ್ಬಿ ಹಿಡಿದ ನೌಕರರಿರುತ್ತಾರೆ, ಒಮ್ಮೊಮ್ಮೆ ತನ್ನ ಬೆನ್ನಿಗಿಂತಲೂ ಉದ್ದವಾದ ಚೀಲವನ್ನು ಹೆಗಲಿಗೇರಿಸಿಕೊಂಡ ಹುಡುಗನೊಬ್ಬನೂ ಇರುವುದುಂಟು. ಹಿಂದೆಯೇ ತಂದೆ, ಕೈಯಲ್ಲಿ ನೀರಿನ ಬಾಟಲಿ. ಹತ್ತಿದ ಗಾಡಿಯನ್ನು ಬದಲಿಸದೆ ವಿಜಯನಗರ, ಮಾಗಡಿ ರಸ್ತೆ, ಮೆಜೆಸ್ಟಿಕ್‌ಗಳನ್ನು ದಾಟಿದರೆ ಕಬ್ಬನ್ ಪಾರ್ಕ್ ನಿಲ್ದಾಣ ಬರುತ್ತದೆ. ಅಲ್ಲಿಂದ ನಡೆದು ಹೋಗಬಹುದಾದಷ್ಟು ದೂರದಲ್ಲಿ ಮರಗಳ ನೆರಳಿನಲ್ಲಿ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಗಣಗಳಿವೆ. ಟಿಕೆಟ್ಟಿನ ಬೆಲೆಯನ್ನು ಲೆಕ್ಕ ಹಾಕುವುದು ಸುಲಭ. ಆದರೆ ಆ ಚೀಲವನ್ನು ಹೊತ್ತ ಹುಡುಗ ಮುಂದೆ ಅದರಲ್ಲೇ ಅನ್ನ ಕಾಣಬೇಕೆಂದು ಹೊರಟರೆ ತಗಲುವ ಬೆಲೆಯನ್ನು ಆ ತಂದೆ ಇನ್ನೂ ಕೇಳಿರಲಾರ. ಕೇಳಿದರೂ ಸರಿಯಾಗಿ ಹೇಳುವವರು ಕಡಮೆ.

ಪತ್ರಿಕೆಗಳಲ್ಲಿ ಕಾಣಬರುವುದು ವಿಂಬಲ್ಡನ್ನಿನ ಹಸುರು, ಬೆಳ್ಳಿಯ ಬಟ್ಟಲು, ಕೋಟಿಗಳ ಬಹುಮಾನ. ಅದು ಮಹಡಿಯ ಮಾತು. ಕೆಳಗೆ ಎರಡು ಅಂತಸ್ತುಗಳಿವೆ, ಆಟವಾಡುವವರಲ್ಲಿ ಹೆಚ್ಚಿನವರು ಬದುಕು ಸವೆಸುವುದು ಅಲ್ಲಿಯೇ. ನಡುವಿನದು ಚಾಲೆಂಜರ್ ಪಂದ್ಯಾವಳಿಗಳ ಅಂತಸ್ತು. ಅದಕ್ಕೂ ಕೆಳಗಿನದು ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟದ ಕಿರಿಯ ಪಂದ್ಯಾವಳಿಗಳದು. ಇಡೀ ಪಂದ್ಯಾವಳಿಗೆ ಸೇರಿ 15,000 ಡಾಲರ್, 25,000 ಡಾಲರ್ ಬಹುಮಾನವೆಂದು ಅವು ಹೆಸರಾದವು. 2023ರಲ್ಲಿ ಮೈಸೂರು, ಧಾರವಾಡ, ಕಲಬುರಗಿಗಳಲ್ಲಿ ಅಂಥವು ನಡೆದವು. ಊರಿನವರು ಸಂಜೆ ವಾಯುವಿಹಾರಕ್ಕೆ ಬಂದು ಬೇಲಿಯಾಚೆಯಿಂದ ಒಂದು ಗಳಿಗೆ ನೋಡಿ ಹೋದರು. ಒಳಗೆ ಆಡುತ್ತಿದ್ದವರು ಹತ್ತಾರು ದೇಶಗಳನ್ನು ಸುತ್ತಿ ಬಂದವರೆಂದು ಅವರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತೋ!

ಹದಿನೈದು ಸಾವಿರ ಡಾಲರ್ ಎಂದರೆ ಕಿವಿಗೆ ದೊಡ್ಡ ಮೊತ್ತವೇ. ಅದನ್ನು ಎಲ್ಲರಿಗೂ ಹಂಚಿದ ಮೇಲೆ, ಐದು ಪಂದ್ಯ ಗೆದ್ದು ಪ್ರಶಸ್ತಿ ಹಿಡಿದವನ ಕೈಗೆ ಬರುವುದು 2,160 ಡಾಲರ್. 2024ರ ವಿನಿಮಯ ದರದಂತೆ ನಮ್ಮ ಹಣದಲ್ಲಿ ಸುಮಾರು ಒಂದು ಲಕ್ಷ ಎಂಬತ್ತು ಸಾವಿರ ರೂಪಾಯಿ. ಮೊದಲ ಸುತ್ತಿನಲ್ಲೇ ಸೋತವನಿಗೆ 156 ಡಾಲರ್, ಅದರಲ್ಲೂ ತೆರಿಗೆ ಮುರಿದು ಉಳಿದದ್ದು. ಅರ್ಹತಾ ಸುತ್ತಿನಲ್ಲಿ ಸೋತವನಿಗೆ ಅದೂ ಇಲ್ಲ. ಮೊದಲ ಸುತ್ತಿನಲ್ಲಿ ಮೂವತ್ತೆರಡು ಮಂದಿಯಲ್ಲಿ ಹದಿನಾರು ಮಂದಿ ಸೋಲಲೇಬೇಕು, ಇದು ಆಟದ ಗಣಿತ. ಆ ಹದಿನಾರು ಮಂದಿಯೂ ವಿಮಾನದ ಖರ್ಚು, ವಸತಿ, ಊಟ, ವೀಸಾ, ರ‍್ಯಾಕೆಟ್ಟಿಗೆ ತಂತಿ ಬಿಗಿಸುವ ಕೂಲಿ, ಕಾಂಕ್ರೀಟು ನೆಲದ ಮೇಲೆ ತಿಂಗಳೊಪ್ಪತ್ತಿನಲ್ಲಿ ಸವೆಯುವ ಬೂಟು, ಇಷ್ಟನ್ನೂ ತಮ್ಮ ಕೈಯಿಂದಲೇ ಕೊಟ್ಟು ಬಂದವರು. ರಣಜಿ ಪಂದ್ಯವಾಡುವ ಹುಡುಗನಿಗೆ ಪ್ರಯಾಣ, ಹೋಟೆಲು, ಊಟವೆಲ್ಲ ಸಂಸ್ಥೆಯದು. ಮೇಲೆ ದಿನಕ್ಕಿಷ್ಟೆಂದು ಸಂಭಾವನೆಯೂ ಉಂಟು. ಟೆನಿಸ್ ಆಟಗಾರ ತನಗೆ ತಾನೇ ಯಜಮಾನ, ತಾನೇ ಆಳು. ಕ್ರಿಕೆಟ್ಟನ್ನು ನೋಡಿ ಟೆನಿಸ್ಸಿನ ಲೆಕ್ಕ ಹಾಕುವ ತಂದೆತಾಯಿಗಳು ಮೊದಲು ಎಡವುವುದು ಇಲ್ಲಿಯೇ.

ಇದು ಊಹೆಯ ಮಾತಲ್ಲ. 2013ನೆಯ ಇಸವಿಯ ಆಟಗಾರರ ಆದಾಯವನ್ನು ಒಕ್ಕೂಟವೇ ಲೆಕ್ಕ ಹಾಕಿಸಿತು. ಆ ವರ್ಷ ವೃತ್ತಿಪರ ಪಂದ್ಯಗಳಲ್ಲಿ ಆಡಿದ ಗಂಡಸರು ಹೆಂಗಸರು ಸೇರಿ ಸುಮಾರು ಹದಿಮೂರು ಸಾವಿರದ ಏಳುನೂರು ಮಂದಿ. ಅವರಲ್ಲಿ ಆರು ಸಾವಿರಕ್ಕೂ ಮಿಕ್ಕಿ ಜನ ವರ್ಷಪೂರ್ತಿ ಒಂದು ಕಾಸನ್ನೂ ಗಳಿಸಲಿಲ್ಲ. ಗಂಡಸರಲ್ಲಿ ಖರ್ಚು ವೆಚ್ಚ ಸರಿದೂಗಿಸಿಕೊಂಡವನು ವಿಶ್ವದಲ್ಲಿ 336ನೆಯ ಸ್ಥಾನದವನು, ಹೆಂಗಸರಲ್ಲಿ 253ನೆಯವಳು. ಇದರಲ್ಲಿ ತರಬೇತುದಾರನ ಸಂಬಳವನ್ನು ಸೇರಿಸಿಯೇ ಇಲ್ಲ! ಒಂದು ವಿದ್ಯೆಯಲ್ಲಿ ಜಗತ್ತಿಗೇ ಮುನ್ನೂರನೆಯವನಾಗಿರುವುದೆಂದರೆ ಸಾಮಾನ್ಯವೇ? ಮುನ್ನೂರನೆಯ ಸ್ಥಾನದ ವೈದ್ಯನ ಮನೆಯ ಮುಂದೆ ರೋಗಿಗಳ ಸಾಲು ನಿಂತಿರುತ್ತದೆ. ಮುನ್ನೂರನೆಯ ಸ್ಥಾನದ ಟೆನಿಸ್ ಆಟಗಾರ ಇನ್ನೊಬ್ಬನೊಡನೆ ಕೋಣೆ ಹಂಚಿಕೊಂಡು, ರಾತ್ರಿ ತನ್ನ ಅಂಗಿಯನ್ನು ತಾನೇ ಒಗೆದು ಹರವುತ್ತಾನೆ.

ಈ ಅಂತಸ್ತುಗಳ ನಡುವೆ ಒಂದು ಹೊಸಿಲು ಇದೆ. ವಿಂಬಲ್ಡನ್ ಮೊದಲಾದ ನಾಲ್ಕು ಮಹಾ ಪಂದ್ಯಾವಳಿಗಳಲ್ಲಿ ಸಿಂಗಲ್ಸ್ ಆಡುವ 128 ಮಂದಿಯಲ್ಲಿ ಬರಿಯ ಕ್ರಮಾಂಕದ ಬಲದಿಂದ ನೇರವಾಗಿ ಒಳಗೆ ಬರುವವರು 104 ಮಂದಿ. ಉಳಿದ ಕೆಲವೇ ಸ್ಥಾನಗಳಿಗೆ ಇನ್ನೂರರ ಆಚೆಯವರೂ ಬಂದು ಅರ್ಹತಾ ಪಂದ್ಯಗಳಲ್ಲಿ ಬಡಿದಾಡುತ್ತಾರೆ. 2024ರ ಆಸ್ಟ್ರೇಲಿಯನ್ ಓಪನ್ನಿನಲ್ಲಿ ಮೊದಲ ಸುತ್ತಿನಲ್ಲೇ ಸೋತು ಹೊರಬಿದ್ದವನಿಗೆ ಸಿಕ್ಕಿದ್ದು 1,20,000 ಆಸ್ಟ್ರೇಲಿಯನ್ ಡಾಲರ್, ಅರವತ್ತು ಲಕ್ಷ ರೂಪಾಯಿಗೂ ಮೀರಿದ ಹಣ. ಹೊಸಿಲಿನ ಒಳಗೆ ಸೋತವನಿಗೆ ಅರವತ್ತು ಲಕ್ಷ, ಹೊರಗೆ ಗೆದ್ದವನಿಗೆ ಒಂದು ಲಕ್ಷ ಎಂಬತ್ತು ಸಾವಿರ! ಆಟದಲ್ಲಿ ಇಬ್ಬರಿಗೂ ಇರುವ ಅಂತರ ಅಷ್ಟೇನೂ ಇಲ್ಲವೆಂದು ಬಲ್ಲವರು ಹೇಳುತ್ತಾರೆ. ಸರ್ವಿಸಿನಲ್ಲಿ ಒಂದಿಷ್ಟು ವೇಗ, ಇಕ್ಕಟ್ಟಿನ ಹೊತ್ತಿನಲ್ಲಿ ಒಂದಿಷ್ಟು ಧೈರ್ಯ. ಹಾಗೆ ಗಳಿಸಿದ ಕ್ರಮಾಂಕವಾದರೂ ಸ್ವಂತದ ಆಸ್ತಿಯೇ ಎಂದರೆ ಅದೂ ಅಲ್ಲ, ಬಾಡಿಗೆಯ ಮನೆ. ಈ ವಾರ ಗಳಿಸಿದ ಅಂಕಗಳು ಐವತ್ತೆರಡು ವಾರ ಕಳೆದ ಮೇಲೆ ಉದುರಿಹೋಗುತ್ತವೆ. ಮತ್ತೆ ಗಳಿಸಬೇಕು. ಕಾಲು ಉಳುಕಿ ಆರು ತಿಂಗಳು ಮಲಗಿದವನನ್ನು ಆ ಯಾದಿ ಕಾಯುವುದಿಲ್ಲ.

ಸುಮಿತ್ ನಾಗಲ್ ಅವರ ಹೆಸರು ಬೆಂಗಳೂರಿಗೆ ಹೊಸತಲ್ಲ. ಹರಿಯಾಣದ ಝಜ್ಜರ್ ಜಿಲ್ಲೆಯ ಈ ಹುಡುಗ ಹತ್ತರ ಎಳೆ ವಯಸ್ಸಿನಲ್ಲಿ ಮಹೇಶ್ ಭೂಪತಿಯವರ ತರಬೇತಿ ಯೋಜನೆಗೆ ಆಯ್ಕೆಯಾಗಿ, ಮನೆ ಬಿಟ್ಟು ಈ ಊರಿಗೆ ಬಂದಿದ್ದ. 2017ರ ನವೆಂಬರಿನಲ್ಲಿ ಅದೇ ಕಬ್ಬನ್ ಪಾರ್ಕಿನ ಅಂಗಣದಲ್ಲಿ ಇಂಗ್ಲೆಂಡಿನ ಜೇ ಕ್ಲಾರ್ಕ್ ಅವರನ್ನು ಸೋಲಿಸಿ ತಮ್ಮ ಮೊದಲ ಚಾಲೆಂಜರ್ ಪ್ರಶಸ್ತಿಯನ್ನು ಗೆದ್ದಾಗ ಅವರಿಗೆ ಇಪ್ಪತ್ತು ವರ್ಷ. 2019ರ ಅಮೆರಿಕನ್ ಓಪನ್ನಿನಲ್ಲಿ ರೋಜರ್ ಫೆಡರರ್ ಅವರಿಂದ ಮೊದಲ ಸೆಟ್ಟನ್ನೇ ಕಿತ್ತುಕೊಂಡರು. ಇಷ್ಟಾದ ಮೇಲೆ ಹಣಕ್ಕೇನು ಕೊರತೆ ಎಂದು ಹೊರಗಿನವರು ಭಾವಿಸಿದರೆ ತಪ್ಪಲ್ಲ. ಆದರೆ 2021ರಲ್ಲಿ ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಯಾಯಿತು, ಕ್ರಮಾಂಕ ಪಾತಾಳಕ್ಕಿಳಿಯಿತು. 2023ರ ಮೊದಲ ತಿಂಗಳುಗಳಲ್ಲಿ ಜರ್ಮನಿಯ ತಮ್ಮ ತರಬೇತಿಯ ನೆಲೆಗೆ ಮರಳಲು ಹಣವಿರಲಿಲ್ಲ, ಗೆಳೆಯರು ನೆರವಾದರು. ಆ ವರ್ಷ ಸೆಪ್ಟೆಂಬರಿನಲ್ಲಿ ಅವರು ಸುದ್ದಿಗಾರರ ಮುಂದೆ ಬಾಯಿಬಿಟ್ಟು ಹೇಳಿಕೊಂಡರು: ಬ್ಯಾಂಕಿನಲ್ಲಿ ಉಳಿದಿರುವುದು ಒಂಬೈನೂರು ಯೂರೋ, ಎಂದರೆ ಸುಮಾರು ಎಂಬತ್ತು ಸಾವಿರ ರೂಪಾಯಿ. ಬಹುಮಾನದ ಹಣ, ಇಂಡಿಯನ್ ಆಯಿಲ್ ಸಂಸ್ಥೆಯ ಸಂಬಳ, ಬಂದ ಸಹಾಯಧನ ಎಲ್ಲವೂ ಪ್ರಯಾಣಕ್ಕೂ ತರಬೇತಿಗೂ ಕರಗಿಹೋಗಿದ್ದವು. ಆಗ ಅವರು ಸಿಂಗಲ್ಸಿನಲ್ಲಿ ಭಾರತದ ಮೊದಲನೆಯ ಆಟಗಾರ. ಮೊದಲನೆಯವನ ಗತಿ ಇದಾದರೆ ಹತ್ತನೆಯವನದು ಏನು? ಈ ಪ್ರಶ್ನೆಯನ್ನು ಆಗ ಯಾರೂ ಗಟ್ಟಿಯಾಗಿ ಕೇಳಿದಂತೆ ಕಾಣಲಿಲ್ಲ.

ನಾಲ್ಕು ತಿಂಗಳಲ್ಲಿ ಕಾಲ ತಿರುಗಿತು. 2024ರ ಜನವರಿಯಲ್ಲಿ 137ನೆಯ ಕ್ರಮಾಂಕದ ನಾಗಲ್ ಮೆಲ್ಬರ್ನಿನಲ್ಲಿ ಅರ್ಹತಾ ಸುತ್ತುಗಳ ಮೂರು ಪಂದ್ಯಗಳನ್ನು ಗೆದ್ದು ಹೊಸಿಲು ದಾಟಿದರು. ಮೊದಲ ಸುತ್ತಿನಲ್ಲಿ ಕಜಾಕಸ್ತಾನದ ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು ನೇರ ಸೆಟ್‌ಗಳಲ್ಲಿ ಮಣಿಸಿದರು. ಮಹಾ ಪಂದ್ಯಾವಳಿಯ ಸಿಂಗಲ್ಸಿನಲ್ಲಿ ಶ್ರೇಯಾಂಕಿತ ಆಟಗಾರನೊಬ್ಬನನ್ನು ಭಾರತೀಯನು ಸೋಲಿಸಿದ್ದು 1989ರ ರಮೇಶ್ ಕೃಷ್ಣನ್ ಅವರ ತರುವಾಯ ಅದೇ ಮೊದಲು. ಎರಡನೆಯ ಸುತ್ತಿನಲ್ಲಿ ಸೋತರೂ 1,80,000 ಆಸ್ಟ್ರೇಲಿಯನ್ ಡಾಲರ್ ಕೈಸೇರಿತು. ಮುಂದಿನ ತಿಂಗಳು ಚೆನ್ನೈಯಲ್ಲಿ ಗೆದ್ದು ನೂರರ ಒಳಗೆ ಬಂದರು, ಜುಲೈಯಲ್ಲಿ 68ಕ್ಕೆ ಏರಿದರು. ಬಾಡಿಗೆಯ ಮನೆಯೆಂದು ಹೇಳಿದ್ದು ಇದಕ್ಕೇ: 2025ರಲ್ಲಿ ಅವರು ಮತ್ತೆ ನೂರರ ಹೊರಗಿದ್ದರು.

ನಾಗಲ್ ಹೊಸಿಲನ್ನು ದಾಟಿದರೆ, ಅದರ ಮುಂದೆ ನಿಂತು ಬೇರೆ ಬಾಗಿಲನ್ನು ಹುಡುಕಿದವರು ನಮ್ಮ ಕೊಡಗಿನ ರೋಹನ್ ಬೋಪಣ್ಣ. 1980ರ ಮಾರ್ಚ್ 4ರಂದು ಬೆಂಗಳೂರಿನಲ್ಲಿ ಹುಟ್ಟಿ ಬೆಳೆದದ್ದು ಕೊಡಗಿನಲ್ಲಿ, ಕಾಫಿ ಬೆಳೆಗಾರರ ಮನೆಯಲ್ಲಿ. ಹನ್ನೊಂದರ ವಯಸ್ಸಿಗೆ ರ‍್ಯಾಕೆಟ್ ಹಿಡಿದರು. ಸರ್ವಿಸಿಗೆ ಬಲ ಬರಲೆಂದು ಕಟ್ಟಿಗೆ ಒಡೆದದ್ದು, ದಮ್ಮು ಹೆಚ್ಚಲೆಂದು ತೋಟದ ದಾರಿಗಳಲ್ಲಿ ಓಡಿದ್ದು ಅವರೇ ಮೆಲುಕು ಹಾಕುವ ನೆನಪುಗಳು. ಹದಿನಾಲ್ಕಕ್ಕೆ ಮನೆ ಬಿಟ್ಟು ಪುಣೆಯಲ್ಲಿ ನಂದನ್ ಬಾಳ್ ಅವರ ಬಳಿ ಶಿಷ್ಯವೃತ್ತಿ. 2002ರಲ್ಲಿ ಡೇವಿಸ್ ಕಪ್, 2003ರಲ್ಲಿ ವೃತ್ತಿಪರ ಆಟ. ಆಮೇಲೆ ವರ್ಷಗಳ ಕಾಲ ಅದೇ ಕೆಳ ಅಂತಸ್ತಿನ ಅಲೆದಾಟ. 2007ರ ಜುಲೈಯಲ್ಲಿ ಸಿಂಗಲ್ಸಿನಲ್ಲಿ ಅವರು ಮುಟ್ಟಿದ ಅತ್ಯುನ್ನತ ಸ್ಥಾನ 213. ಆಗ ಅವರಿಗೆ ಇಪ್ಪತ್ತೇಳು ವರ್ಷ.

ಇಪ್ಪತ್ತೇಳನೆಯ ವಯಸ್ಸಿನಲ್ಲಿ 213 ಎಂಬ ಸಂಖ್ಯೆಯನ್ನು ನೋಡಿ ಕೂತ ಆಟಗಾರನಿಗೆ ಮೂರು ದಾರಿಗಳು. ಇನ್ನೂ ಐದು ವರ್ಷ ಅದೇ ಬಾಗಿಲು ಬಡಿಯುವುದು, ಇಲ್ಲವೇ ಆಟ ಬಿಟ್ಟು ತರಬೇತುದಾರನಾಗುವುದು, ಇಲ್ಲವೇ ಡಬಲ್ಸ್. ಡಬಲ್ಸೆಂದರೆ ಮರ್ಯಾದೆ ಕಡಮೆ. ಹಣವೂ ಕಡಮೆ, ಅದನ್ನೂ ಇಬ್ಬರು ಹಂಚಿಕೊಳ್ಳಬೇಕು. ಜೊತೆಗಾರ ಯಾವ ವಾರ ಬೇರೊಬ್ಬನನ್ನು ಕೂಡಿಕೊಂಡಾನೋ ತಿಳಿಯದು. ಬೋಪಣ್ಣ ಆ ದಾರಿಯನ್ನೇ ಹಿಡಿದರು. ಅವರ ಕಥೆಯನ್ನು ಹೇಳುವವರು ನಲವತ್ತಮೂರರ ಗೆಲುವನ್ನು ಹಾಡಿಹೊಗಳುತ್ತಾರೆ. ಆದರೆ ಈ ಕಥೆಯ ನಿಜವಾದ ತಿರುವು ಇರುವುದು ಇಲ್ಲಿ, ತನ್ನ ಅಳತೆಯನ್ನು ತಾನೇ ತೆಗೆದುಕೊಂಡು, ಸಿಂಗಲ್ಸಿನ ಕನಸನ್ನು ಮಡಿಸಿಟ್ಟದ್ದರಲ್ಲಿ. ಛಲವನ್ನು ಮೆಚ್ಚುವ ಜನ ಈ ವಿವೇಕವನ್ನು ಅಷ್ಟಾಗಿ ಮೆಚ್ಚುವುದಿಲ್ಲ.

2008ರಲ್ಲಿ ಲಾಸ್ ಏಂಜಲೀಸಿನಲ್ಲಿ ಅಮೆರಿಕದ ಎರಿಕ್ ಬ್ಯುಟೊರಾಕ್ ಜೊತೆಗೂಡಿ ಮೇಲಿನ ಅಂತಸ್ತಿನ ಮೊದಲ ಪ್ರಶಸ್ತಿ ಬಂತು. 2010ರ ಅಮೆರಿಕನ್ ಓಪನ್ನಿನಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿಯೊಡನೆ ಅಂತಿಮ ಪಂದ್ಯಕ್ಕೆ ಬಂದಾಗ ವಿಶ್ವಸಂಸ್ಥೆಯಲ್ಲಿನ ಎರಡೂ ದೇಶಗಳ ರಾಯಭಾರಿಗಳು ಅಕ್ಕಪಕ್ಕ ಕುಳಿತು ನೋಡಿದರು. ಬ್ರಯಾನ್ ಸಹೋದರರೆದುರು ಸೋಲಾಯಿತು. 2017ರಲ್ಲಿ ಕೆನಡಾದ ಗೇಬ್ರಿಯೆಲಾ ಡಬ್ರೌಸ್ಕಿಯವರೊಡನೆ ಫ್ರೆಂಚ್ ಓಪನ್ನಿನ ಮಿಶ್ರ ಡಬಲ್ಸ್ ಗೆದ್ದರು. ಪುರುಷರ ಡಬಲ್ಸ್ ಮಾತ್ರ ಕೈಗೆಟುಕಲಿಲ್ಲ. ಮೊಣಕಾಲಿನ ಮೃದ್ವಸ್ಥಿ ಸವೆದುಹೋಯಿತು. ಮಹಾಮಾರಿಯ ಕಾಲದಲ್ಲಿ ಆಟಗಳೆಲ್ಲ ನಿಂತಾಗ ಅಯ್ಯಂಗಾರ್ ಪದ್ಧತಿಯ ಯೋಗ ಹಿಡಿದು ಕಾಲುಗಳನ್ನು ಉಳಿಸಿಕೊಂಡರು. 2021ರಲ್ಲಿ ಐದು ತಿಂಗಳ ಕಾಲ ಒಂದು ಪಂದ್ಯವನ್ನೂ ಗೆಲ್ಲದೆ, ಇನ್ನು ಸಾಕು ಎಂದು ಊರಿನಲ್ಲಿದ್ದ ಹೆಂಡತಿಗೆ ಸಂದೇಶ ಕಳಿಸಿದ್ದೂ ಉಂಟು.

ಸಾಕಾಗಲಿಲ್ಲ. 2024ರ ಜನವರಿಯಲ್ಲಿ, ನಾಗಲ್ ಗೆದ್ದ ಅದೇ ಮೆಲ್ಬರ್ನಿನಲ್ಲಿ, ಅದೇ ಹದಿನೈದು ದಿನಗಳಲ್ಲಿ, ಆಸ್ಟ್ರೇಲಿಯದ ಮ್ಯಾಥ್ಯೂ ಎಬ್ಡನ್ ಅವರೊಡನೆ ಬೋಪಣ್ಣ ಪುರುಷರ ಡಬಲ್ಸ್ ಗೆದ್ದರು. ವಿಶ್ವದ ಮೊದಲನೆಯ ಸ್ಥಾನಕ್ಕೂ ಏರಿದರು. ನಲವತ್ತಮೂರರ ವಯಸ್ಸಿನಲ್ಲಿ ಅಲ್ಲಿಗೆ ಮುಟ್ಟಿದವರು ಹಿಂದೆ ಇರಲಿಲ್ಲ. ಕಡೆಯ ಪಂದ್ಯವನ್ನು 2025ರ ಅಕ್ಟೋಬರ್ ಕಡೆಯಲ್ಲಿ ಪ್ಯಾರಿಸ್ಸಿನಲ್ಲಿ ಆಡಿ, ನವೆಂಬರ್ ಮೊದಲ ದಿನ ವಿದಾಯ ಹೇಳಿದರು. ಆ ದಿನದ ಜೊತೆಗಾರ ಯಾರೆಂದರೆ, ನಾಗಲ್ ಸೋಲಿಸಿದ ಅದೇ ಬುಬ್ಲಿಕ್! ಆ ಲೋಕ ಅಷ್ಟು ಚಿಕ್ಕದು.

ಈಚೆಗೆ ಸ್ವಲ್ಪ ಸುಧಾರಣೆಯಾಗಿಲ್ಲವೆಂದಲ್ಲ. ಆಟಗಾರರ ಸಂಘ 2024ರಿಂದ ಸಿಂಗಲ್ಸಿನ ಮೊದಲ 250 ಮಂದಿಗೆ ವರ್ಷಕ್ಕೆ ಇಷ್ಟೆಂದು ಕನಿಷ್ಠ ಆದಾಯದ ಭರವಸೆಯನ್ನು ಕೊಟ್ಟಿದೆ: ನೂರರ ಒಳಗಿನವರಿಗೆ ಮೊದಲ ವರ್ಷ ಮೂರು ಲಕ್ಷ ಡಾಲರ್, ಕಡೆಯ ಸಾಲಿನವರಿಗೆ ಎಪ್ಪತ್ತೈದು ಸಾವಿರ. ಬೋಪಣ್ಣನವರೂ ಡಬಲ್ಸ್ ಆಡುವ ಭಾರತದ ಆಟಗಾರರಿಗೆ ನೆರವಾಗುವ ಯೋಜನೆಯೊಂದನ್ನು ಕಟ್ಟಿದರು. ಜೊತೆಗೆ ತರಬೇತುದಾರನೊಬ್ಬನಿದ್ದರೆ ಎಷ್ಟು ವ್ಯತ್ಯಾಸವಾಗುತ್ತದೆಂದು ಅವರಿಗಿಂತ ಬಲ್ಲವರಾರು? ಆದರೆ 251ನೆಯವನಿಗೆ ಈ ಭರವಸೆಯೂ ಇಲ್ಲ. ಬೋಪಣ್ಣನವರ ಬೆನ್ನಿಗೆ ಕಾಫಿಯ ತೋಟವಿತ್ತು, ನಾಗಲ್ ಅವರಿಗೆ ಎಳವೆಯಲ್ಲೇ ಭೂಪತಿಯವರ ಕಣ್ಣು ಬಿತ್ತು. ದೀಪಾಂಜಲಿ ನಗರದ ಮನೆಗಳಲ್ಲಿ ಬೆನ್ನಿಗಿರುವುದು ಸಾಮಾನ್ಯವಾಗಿ ಒಬ್ಬರ ಸಂಬಳ, ಭವಿಷ್ಯನಿಧಿ, ಊರಿನಲ್ಲಿ ಅರ್ಧ ಎಕರೆ. ಹುಡುಗ ಹತ್ತನೆಯ ತರಗತಿ ಮುಗಿಸುವ ವರ್ಷ ಆ ಮನೆಯಲ್ಲಿ ಮಾತು ಏಳುತ್ತದೆ. ತಾಯಿ ಪಿಯುಸಿಯ ಮಾತೆತ್ತುತ್ತಾಳೆ, ತಂದೆ ಇನ್ನೊಂದು ವರ್ಷ ನೋಡೋಣವೆನ್ನುತ್ತಾನೆ. ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಮುನ್ನೂರರ ಆಚೆ ಎಷ್ಟು ವರ್ಷ ಕಾಯಬಹುದು, ಆ ವರ್ಷಗಳ ಖರ್ಚು ಯಾರದು, ಎಂದಿಗೆ ನಿಲ್ಲಿಸುವುದು ಎಂಬುದನ್ನು ಹೊರಡುವ ಮೊದಲೇ ಕಾಗದದ ಮೇಲೆ ಬರೆದಿಟ್ಟ ಮನೆಗಳು ವಿರಳ.

ಕಬ್ಬನ್ ಪಾರ್ಕಿನಲ್ಲಿ ಚಾಲೆಂಜರ್ ಪಂದ್ಯಾವಳಿ ನಡೆಯುವ ವರ್ಷ ತಂದೆ ಮಗನನ್ನು ಕರೆದೊಯ್ಯುವುದಾದರೆ ಅಂತಿಮ ಪಂದ್ಯದ ದಿನಕ್ಕೆ ಕಾಯಬೇಕಾಗಿಲ್ಲ. ಅರ್ಹತಾ ಸುತ್ತಿನ ದಿನವೇ ಒಳ್ಳೆಯದು. ಅಂದು ನೂಕುನುಗ್ಗಲಿರುವುದಿಲ್ಲ, ಬೇಲಿಯ ಪಕ್ಕದಲ್ಲೇ ನಿಂತು ನೋಡಬಹುದು. ಎರಡು ತಾಸು ಸಮಸಮನಾಗಿ ಕಾದಾಡಿ ಕಡೆಯ ಸೆಟ್ಟಿನಲ್ಲಿ ಸೋತ ಪರದೇಶದ ಹುಡುಗನೊಬ್ಬ ಎದುರಾಳಿಯ ಕೈ ಕುಲುಕಿ, ಬೆಂಚಿನ ಮೇಲೆ ಕುಳಿತು ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಾನೆ. ಮೊದಲು ಬೂಟಿನ ದಾರ ಬಿಚ್ಚುತ್ತಾನೆ, ತಂತಿ ಹರಿದ ರ‍್ಯಾಕೆಟ್ಟನ್ನು ಬೇರೆ ತೆಗೆದಿಡುತ್ತಾನೆ. ಆಮೇಲೆ ಫೋನು ತೆಗೆದು ಬಹಳ ಹೊತ್ತು ಅದರಲ್ಲೇ ಮುಳುಗಿರುತ್ತಾನೆ. ಹುಡುಕುತ್ತಿರುವುದು ಮುಂದಿನ ವಾರದ ಊರಿಗೆ ಎಲ್ಲಕ್ಕಿಂತ ಅಗ್ಗದ ವಿಮಾನ ಯಾವುದೆಂದು.